ಉಡುಪಿ ರಾಮಚಂದ್ರ ರಾವ್

ಉಡುಪಿ ಜಿಲ್ಲೆಯ ಪಡುಬಿದ್ರಿಗೆ ಸಮೀಪದಲ್ಲಿ ಅದಮಾರು ಎಂಬ ಗ್ರಾಮವಿದೆ. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರಿತ್ತ ಊರು ಅದು. ಅಲ್ಲಿ 1932ರ ಮಾರ್ಚ್ 10ರಂದು ಲಕ್ಷ್ಮೀನಾರಾಯಣ ಆಚಾರ್ಯ, ಕೃಷ್ಣವೇಣಿ ಅಮ್ಮ ದಂಪತಿಗಳ ಮಗನಾಗಿ ರಾಮಚಂದ್ರ ರಾಯರು ಜನಿಸಿದರು. ಊರಿನ ಶಾಲೆಯಲ್ಲಿ ಅಕ್ಷರ ಕಲಿತು, ಉಡುಪಿಯ ಕ್ರಿಶ್ಚಿಯನ್ ಪ್ರೌಢಶಾಲೆಯಲ್ಲಿ ಓದಿದರು. ಬಳ್ಳಾರಿ, ಅನಂತಪುರ, ಕಾಶಿ ಎಂದು ವಿದ್ಯೆ ಅವರನ್ನು ದೂರದೂರಕ್ಕೆ ಕರೆದೊಯ್ದಿತು. ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಅನಂತರ ಅಮೆರಿಕಕ್ಕೆ ತೆರಳಿದ ರಾಯರು ಪಯೊನೀರ್ ಅಂತರಿಕ್ಷ ನೌಕೆಗಳ ಉಪಕರಣಗಳ ನೆರವಿನಿಂದ ಸೌರಜ್ವಾಲೆಗಳು ಎಸೆಯುವ ಕಣಗಳ ದಾರಿಯನ್ನು ಅಭ್ಯಸಿಸಿದರು. ಸೌರಜ್ವಾಲೆ ಎಂದರೆ ಸಾಮಾನ್ಯವಾದ ಬೆಂಕಿಯಲ್ಲ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್. ಅದರ ಮೇಲೆ ಹರಡಿರುವ ಕರೋನಾ ಎಂಬ ವಿರಳವಾದ ವಲಯದಲ್ಲಿ ಕಾಂತಕ್ಷೇತ್ರದ ರೇಖೆಗಳು ಕಮಾನುಗಳಂತೆ ಬಾಗಿ ನಿಂತಿರುತ್ತವೆ. ಅವು ತಿರುಚಿಕೊಂಡು, ಒಮ್ಮೆಲೇ ಕಡಿದು ಮರಳಿ ಕೂಡಿಕೊಂಡಾಗ ಜ್ವಾಲೆ ಸಿಡಿಯುತ್ತದೆ. ಅಲ್ಲಿನ ಪ್ಲಾಸ್ಮಾ, ಎಂದರೆ ವಿದ್ಯುದಾವೇಶವುಳ್ಳ ಕಣಗಳ ಅನಿಲ, ನಿಮಿಷಗಳಲ್ಲಿ ಒಂದೆರಡು ಕೋಟಿ ಕೆಲ್ವಿನ್ನಿಗೆ ಕಾಯುತ್ತದೆ. ಕಾಯಲು ನಿಮಿಷಗಳು ಸಾಕಾದರೂ ಆರಲು ಕೆಲವೊಮ್ಮೆ ಗಂಟೆಗಳೇ ಬೇಕು. ಒಲೆಯಲ್ಲಿಟ್ಟ ಕಬ್ಬಿಣದ ಸಲಾಕೆಯ ಇನ್ನೊಂದು ತುದಿಯೂ ಬಿಸಿಯಾಗುವಂತೆ, ಮೊದಲು ಕಾವು ಕಮಾನಿನ ಕಾಲುಗಳಗುಂಟ ಕೆಳಗಿನ ತಂಪಾದ ಪದರಕ್ಕೆ ಹರಿಯುತ್ತದೆ. ಆ ಪದರದ ಅನಿಲವು ಕಾದು ಮೇಲೇರಿ ಕಮಾನನ್ನು ತುಂಬುತ್ತದೆ. ಹೀಗೆ ಸಾಂದ್ರತೆ ಹೆಚ್ಚಿದ ಮೇಲೆ ಪ್ಲಾಸ್ಮಾ ತನ್ನ ಶಕ್ತಿಯನ್ನು ಕ್ಷ-ಕಿರಣ, ಅತಿನೇರಳೆ ಕಿರಣಗಳಾಗಿ ಹೊರಸೂಸಿ ತಣಿಯುತ್ತದೆ. ದೂರದ ನಕ್ಷತ್ರಗಳಲ್ಲಿಯೂ ಇಂಥ ಜ್ವಾಲೆಗಳುಂಟು. ಅವು ಬರಿಯ ಚುಕ್ಕೆಗಳಾಗಿ ತೋರುವುದರಿಂದ, ಆರಲು ಹಿಡಿದ ಕಾಲವನ್ನು ನೋಡಿಯೇ ಕಮಾನುಗಳ ಗಾತ್ರವನ್ನು ಅಂದಾಜು ಮಾಡಬೇಕಾಗುತ್ತದೆ.

ಆದರೆ ಕ್ಷ-ಕಿರಣಗಳನ್ನು ಭೂಮಿಯ ವಾತಾವರಣ ತಡೆಯುತ್ತದೆ. ಅವನ್ನು ಕಾಣಬೇಕಾದರೆ ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕು. 1966ರಲ್ಲಿ ಸ್ವದೇಶಕ್ಕೆ ಮರಳಿದ ರಾಯರು 1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆ ಹೊತ್ತರು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ 360 ಕಿಲೋಗ್ರಾಂ ತೂಕದ ಆರ್ಯಭಟ ಸಿದ್ಧವಾಯಿತು. ಉಪಗ್ರಹವನ್ನು ಹಿಂದೆಂದೂ ಕಟ್ಟದ ತರುಣರೇ ಅದನ್ನು ಕಟ್ಟಿದವರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಕಕ್ಷೆಗೇರಿಸಿತು. ಆಕಾಶದ ಕ್ಷ-ಕಿರಣಗಳನ್ನೂ ಸೂರ್ಯನ ನ್ಯೂಟ್ರಾನ್, ಗಾಮಾ ಕಿರಣಗಳನ್ನೂ ಅರಸುವ ಉಪಕರಣಗಳು ಅದರಲ್ಲಿದ್ದವು. ನಾಲ್ಕೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಆ ಪ್ರಯೋಗಗಳು ನಿಂತುಹೋದವು. ವಿಜ್ಞಾನಿಯಾದ ರಾಯರಿಗೆ ಇದು ಸಣ್ಣ ಪೆಟ್ಟಲ್ಲ. ಆದರೂ ಉಪಗ್ರಹದ ಸಂಕೇತಗಳು ಬರುತ್ತಲೇ ಇದ್ದವು. ಅದನ್ನು ನಿಯಂತ್ರಿಸುವ ವಿದ್ಯೆ ಕೈವಶವಾಯಿತು. ಭಾಸ್ಕರ, ಆಪಲ್ ಉಪಗ್ರಹಗಳು ಅದರ ಹಿಂದೆಯೇ ಬಂದವು. 1984ರಿಂದ 1994ರವರೆಗೆ ಅವರು ಇಸ್ರೋದ ಅಧ್ಯಕ್ಷರಾಗಿದ್ದರು.

ನಿವೃತ್ತಿಯ ಬಳಿಕವೂ ಸೂರ್ಯನ ಹಂಬಲ ಅವರನ್ನು ಬಿಡಲಿಲ್ಲ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಉಪಗ್ರಹಕ್ಕೆ ಆಗಾಗ ಭೂಮಿಯ ನೆರಳು ಅಡ್ಡವಾಗುತ್ತದೆ. ಜ್ವಾಲೆ ಆರುವುದನ್ನು ಕೊನೆಯವರೆಗೆ ನೋಡಲಾಗದು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಲಗ್ರಾಂಜ್ ಬಿಂದುವಿನಲ್ಲಿ ಈ ತೊಡಕಿಲ್ಲ. ಆದಿತ್ಯ ನೌಕೆಯನ್ನು ಅಲ್ಲಿಗೇ ಕಳುಹಿಸಬೇಕೆಂದು ಒತ್ತಾಯಿಸಿದವರಲ್ಲಿ ರಾಯರೂ ಒಬ್ಬರು. ಅದು ಹೊರಡುವುದನ್ನು ನೋಡಲು ಅವರಿರಲಿಲ್ಲ. 2017ರ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ, 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿತು. ಸೌರಜ್ವಾಲೆಗಳು ಕಾಯುವುದನ್ನೂ ಆರುವುದನ್ನೂ ಗುರುತಿಸುವ ಅದರ ಎರಡು ಕ್ಷ-ಕಿರಣ ಮಾಪಕಗಳು ಸಿದ್ಧವಾದದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ.