ಸಾಲಕ್ಕೆ ಶಿಸ್ತು ಕಲಿಸಿದ ಗೌಡರು

ಸಾಲದ ಮಾತು ಬಂದಾಗ ಸದ್ಭಕ್ತರೆಲ್ಲ ನೆನೆಯಬೇಕಾದ ಹಿರಿಯರೊಬ್ಬರಿದ್ದಾರೆ. ಅವರೇ ಗದಗ ತಾಲೂಕಿನ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ನಾಡು ಅವರನ್ನು ಸಹಕಾರಿ ಪಿತಾಮಹರೆಂದು ಗೌರವಿಸುತ್ತ ಬಂದಿದೆ.

ಗೌಡರು ಜನಿಸಿದ್ದು 1843ರಲ್ಲಿ. ಆಗ ಗದಗ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು. ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದವು. ಆದ್ದರಿಂದ ಅಲ್ಲಿನ ರೈತನ ಕಷ್ಟ ಗಡಿಭಾಗದ ನಮ್ಮ ಹಿರಿಯರ ಕಷ್ಟವೂ ಆಗಿತ್ತು.

ಗೌಡರ ಹರೆಯದ ಕಾಲದಲ್ಲಿ, 1861ರಿಂದ 1865ರವರೆಗೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದಂತಾಗಿ ನಮ್ಮ ಎರೆಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಎತ್ತಿದವರಿಗೆ ಸಾಲ ಮಾತ್ರ ಉಳಿಯಿತು. ಮುಂದೆ 1876–78ರ ಭೀಕರ ಬರ ಬಂತು. ಬಡ್ಡಿಗೆ ಬಡ್ಡಿ ಬೆಳೆದು ಹೊಲಗಳು ಸಾವಕಾರರ ಪಾಲಾದವು.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಲದ ಪತ್ರಗಳನ್ನು ಕಸಿದು ಸುಟ್ಟರು. 1879ರಲ್ಲಿ ಸರಕಾರ ದಖ್ಖನ್ ರೈತರ ಪರಿಹಾರ ಕಾಯಿದೆ ತಂದಿತು. ಅದು ಮೊದಲು ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಆ ಕಾಯಿದೆ ಸಾವಕಾರನ ಕೈ ಕಟ್ಟಿತು ನಿಜ. ಆದರೆ ಬಿತ್ತಿಗೆಗೆ, ಎತ್ತಿಗೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಾಗ ಗೌಡರು ತಡಮಾಡಲಿಲ್ಲ. ಊರವರನ್ನು ಕೂಡಿಸಿ 1905ರ ಮೇ 8ರಂದು ಕಣಗಿನಹಾಳದ ಸಂಘವನ್ನು ನೋಂದಾಯಿಸಿದರು. ಆರಂಭದ ಬಂಡವಾಳ 2000 ರೂಪಾಯಿ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಕನ್ನಡ ನಾಡು ಇದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಆಗ ಗೌಡರಿಗೆ ಅರವತ್ತು ದಾಟಿತ್ತು.

ಆ ಕಾಯಿದೆಯಲ್ಲಿ ಒಂದು ಕಠಿಣ ನಿಯಮವಿತ್ತು. ವಿಶೇಷ ಅಪ್ಪಣೆ ಇಲ್ಲದ ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಆಸ್ತಿಯಿಂದ ಉತ್ತರ ಕೊಡಬೇಕಾಗುತ್ತಿತ್ತು. ಹೊಲಮನೆ ಉಳ್ಳವರಿಗೇ ಇದರ ಅಂಜಿಕೆ ಹೆಚ್ಚು. ಗೌಡರಂಥ ಉಳ್ಳವರು ಇಂಥ ಕೆಲಸಕ್ಕೆ ಮುಂದಾದದ್ದು ಸಣ್ಣ ಮಾತಲ್ಲ.

ಅಂಜಿಕೆ ಹುಟ್ಟಿಸಿದ ಈ ನಿಯಮವೇ ಇಂಥ ಸಂಘಗಳಿಗೆ ಕಾವಲೂ ಆಯಿತು. ಸಾಲ ಸದಸ್ಯರಿಗೆ ಮಾತ್ರ ಸಿಗುತ್ತಿತ್ತು. ಕೇಳುವವನ ಹೊಲವೆಷ್ಟು, ದುಡಿಮೆಯೆಷ್ಟು, ಮಾತು ಎಂಥದು ಎಂಬುದು ಊರಿಗೇ ಗೊತ್ತು. ಎತ್ತು ಕೊಳ್ಳಲು ತಂದ ಹಣವನ್ನು ಮದುವೆಯ ಮೆರವಣಿಗೆಗೆ ಸುರಿದರೆ ಅದು ನೆರೆಯವರೆಲ್ಲರ ನಷ್ಟ. ಆದುದರಿಂದ ಸಾಲ ಯಾತಕ್ಕೆ, ಯಾವ ಸುಗ್ಗಿಗೆ ತೀರುವುದು ಎಂದು ಕೊಡುವ ಮೊದಲೇ ವಿಚಾರಿಸಲೇಬೇಕಿತ್ತು. ಲಾಭವನ್ನೂ ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕಿತ್ತು. ಲೆಕ್ಕವನ್ನು ಸರಕಾರದ ಕಡೆಯವರು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಿದ್ದರು.

ಗೌಡರು ತುಂಬು ಜೀವನ ನಡೆಸಿ 1933ರಲ್ಲಿ ಲಿಂಗೈಕ್ಯರಾದರು. ಅಷ್ಟರಲ್ಲಿ ಸಹಕಾರಿ ಸಂಘಗಳು ದೇಶದ ಎಲ್ಲ ಕಡೆ ಹಬ್ಬಿದ್ದವು.

ಇಂದು ಮೊಬೈಲಿನಲ್ಲಿಯೂ ಕ್ಷಣದಲ್ಲಿ ಸಾಲ ಸಿಗುತ್ತದೆ. ಯಾತಕ್ಕೆ ಎಂದು ಕೇಳುವ ನೆರೆಯವನು ಮಾತ್ರ ಅಲ್ಲಿಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ಈ ಸಾಲ ಗಳಿಕೆ ತರುವುದೋ, ಗಳಿಕೆಯನ್ನೇ ತಿನ್ನುವುದೋ? ವರ್ಷದ ಬಡ್ಡಿ ಎಷ್ಟು? ಮಳೆ ಕೈಕೊಟ್ಟರೆ, ಪೇಟೆಯ ಧಾರಣೆ ಬಿದ್ದರೆ ತೀರಿಸುವ ದಾರಿ ಯಾವುದು? ಮತ್ತೊಬ್ಬರಿಗೆ ಜಾಮೀನು ನಿಲ್ಲುವಾಗಲೂ, ಉದ್ದರಿ ಮಾಲು ಕೊಡುವಾಗಲೂ ಇದೇ ವಿಚಾರವಿರಲಿ. ಮನೆಯವರೊಡನೆ ಕುಳಿತು ಇವಿಷ್ಟಕ್ಕೆ ಉತ್ತರ ಕಂಡುಕೊಂಡ ಮೇಲೆಯೇ ಕಾಗದಕ್ಕೆ ಸಹಿ ಹಾಕುವುದು ಲೇಸು.