ಸೊನ್ನಲಿಗೆಯ ಸಿದ್ಧರಾಮರು

ಈ ವರ್ಷದ ಸಂಚಿಕೆಗೆ ನಿತ್ಯಜೀವನದ ಆರೋಗ್ಯವನ್ನು ಕುರಿತು ಏನಾದರೂ ಬರೆಯಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ ನಾವು ಪಥ್ಯಾಪಥ್ಯದ ಗ್ರಂಥಗಳನ್ನು ಹುಡುಕಲು ಹೋಗಲಿಲ್ಲ. ಮಿತವಾದ, ನೆಮ್ಮದಿಯಾದ, ನೆಲದ ಕಸುವನ್ನು ಕೆಡಿಸದ ಬಾಳುವೆಯನ್ನು ಒಂದು ಊರಿಗೆ ಊರೇ ಕಲಿಯುವಂತೆ ಮಾಡಿದ ಮಹಾಪುರುಷರೊಬ್ಬರ ಗದ್ದುಗೆ ನಮ್ಮ ನಡುವೆಯೇ, ಕೆರೆಯ ನೀರಿನ ಮಧ್ಯದಲ್ಲಿರುವಾಗ ದೂರ ಹೋಗುವ ಕಾರಣವೇನು? ಸಿದ್ಧರಾಮರ ಹೆಸರನ್ನು ಅರಿಯದ ಕನ್ನಡ ಮನೆ ಸೊಲ್ಲಾಪುರದಲ್ಲಿ ಇಲ್ಲ. ಆದರೆ ಅವರನ್ನು ಪೂಜಿಸಿದಷ್ಟು ಅವರ ಬದುಕನ್ನು ನಾವು ಓದಿಕೊಂಡಿಲ್ಲವೆಂಬುದನ್ನು ತುಸು ಸಂಕೋಚದಿಂದಲೇ ಒಪ್ಪಬೇಕಾಗಿದೆ.

ಹನ್ನೆರಡನೆಯ ಶತಮಾನದ ಈ ಶಿವಯೋಗಿಯ ಚರಿತ್ರೆಯನ್ನು ತಿಳಿಯಲು ನಮಗಿರುವ ಮುಖ್ಯ ಆಧಾರ ಕವಿ ರಾಘವಾಂಕನ ಸಿದ್ಧರಾಮ ಚಾರಿತ್ರ. ಅದರ ಜೊತೆಗೆ ಅವರದೇ ಆದ ಸಾವಿರಕ್ಕೂ ಮಿಕ್ಕ ವಚನಗಳೂ ಶೂನ್ಯಸಂಪಾದನೆಯ ಪ್ರಸಂಗಗಳೂ ಉಂಟು. ಕಾವ್ಯದಲ್ಲಿ ಪವಾಡಗಳು ಹೇರಳವಾಗಿವೆ. ಭಕ್ತರಾದವರು ಅವನ್ನು ನಂಬುತ್ತಾರೆ, ಇತಿಹಾಸಕಾರರು ಬದಿಗಿಡುತ್ತಾರೆ. ನಾವು ಇಲ್ಲಿ ಎರಡನ್ನೂ ಮಾಡದೆ, ಪವಾಡದ ಕಥೆಯಲ್ಲಿಯೂ ಆ ಕಾಲದ ಜನ ಏನನ್ನು ಬೆಲೆಯುಳ್ಳದ್ದೆಂದು ಬಗೆದರೆಂಬುದನ್ನು ಮಾತ್ರ ನೋಡುತ್ತೇವೆ.

ಮೊದಲು ನೆಲದ ಮಾತು. ನಮ್ಮದು ಮಳೆಯ ನೆರಳಿನ ಸೀಮೆ. ಪಡುವಣ ಘಟ್ಟಗಳು ಮುಂಗಾರಿನ ಹೆಚ್ಚಿನ ನೀರನ್ನು ತಾವೇ ಉಂಡು, ಒಣಗಿದ ಮೋಡಗಳನ್ನು ನಮ್ಮ ಕಡೆ ಅಟ್ಟುತ್ತವೆ. ವರ್ಷಕ್ಕೆ ಸರಾಸರಿ 500ರಿಂದ 700 ಮಿಲಿಮೀಟರಿನ ಒಳಗೆ ಮಳೆ. ಅದೂ ಬರುವ ವರ್ಷ ಬಂತು, ಇಲ್ಲದ ವರ್ಷ ಇಲ್ಲ. ಮೇಲೆ ಎರೆಮಣ್ಣು, ಕೆಳಗೆ ಕರಿಗಲ್ಲು. ಎರೆ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಬೆಳೆಯುತ್ತದೆ, ಆದರೆ ಆಳಕ್ಕೆ ಸುಲಭವಾಗಿ ಬಿಡುವುದಿಲ್ಲ. ಕಲ್ಲಿನ ಬಿರುಕುಗಳಲ್ಲಿ ಇಳಿದ ನೀರೇ ಬಾವಿಗೆ ಒರತೆ. ಇಂತಹ ನೆಲದಲ್ಲಿ ಆರೋಗ್ಯವೆಂದರೆ ಮೊದಲಿಗೆ ನೀರು. ಮಿಕ್ಕ ಮಾತೆಲ್ಲ ಆಮೇಲೆ.

ಇಂತಹ ಸೀಮೆಯ ಸೊನ್ನಲಿಗೆ ಎಂಬ ಊರಿನಲ್ಲಿ ಮುದ್ದುಗೌಡ ಮತ್ತು ಸುಗ್ಗಲದೇವಿ ಎಂಬ ಒಕ್ಕಲು ದಂಪತಿಗಳಿಗೆ ಸಿದ್ಧರಾಮರು ಹುಟ್ಟಿದರು. ಊರ ಹೆಸರು ಹದಿನಾರು ಹಳ್ಳಿಗಳು ಸೇರಿ ಆದದ್ದೆಂದು ಬಹಳ ಜನ ಹೇಳುವುದುಂಟು. ಶಾಸನಗಳಲ್ಲಿ ಸೊನ್ನಲಗೆ ಎಂಬ ರೂಪ ದೊರೆತ ಮೇಲೆ ಆ ಮಾತಿಗೆ ಬಲವಿಲ್ಲ. ಮಗು ಬಹುಕಾಲ ಮಾತಾಡಲಿಲ್ಲ. ಮಂಕನೆಂದು ಊರವರು ಮರುಗಿದರು. ಹೊಲ ಕಾಯಲು, ದನ ಮೇಯಿಸಲು ಬಿಟ್ಟರು.

ಆ ಹೊಲದಲ್ಲಿ ನಡೆದ ಪ್ರಸಂಗವನ್ನು ನಮ್ಮ ಅಜ್ಜಿಯರು ಹೇಳದೆ ಬಿಟ್ಟ ಚಳಿಗಾಲವಿಲ್ಲ. ಶ್ರೀಶೈಲದ ಮಲ್ಲಯ್ಯ ಜಂಗಮವೇಷದಿಂದ ಬಂದು ಹಸಿವೆಂದನು. ಹುಡುಗ ಎಳೆಯ ತೆನೆಗಳನ್ನು ಕೊಟ್ಟನು. ಅದನ್ನು ತಿಂದ ಜಂಗಮನು ಒಡಲು ಉರಿಯುತ್ತಿದೆಯೆಂದು ಮೊಸರನ್ನವನ್ನು ಬೇಡಿದನು. ಹುಡುಗ ಮನೆಗೆ ಓಡಿ, ತಾಯಿಯಿಂದ ಮೊಸರನ್ನ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಹೊಲದಲ್ಲಿ ಯಾರೂ ಇರಲಿಲ್ಲ. ಇಂದಿಗೂ ನಮ್ಮಲ್ಲಿ ಸೀತನಿಯ ಕಾಲದಲ್ಲಿ, ಬಿಸಿಬೂದಿಯಲ್ಲಿ ಸುಟ್ಟ ಎಳೆಜೋಳವನ್ನು ತಿಂದ ಮೇಲೆ ಮೊಸರನ್ನೋ ಮಜ್ಜಿಗೆಯನ್ನೋ ಕುಡಿಯದೆ ಯಾರೂ ಏಳುವುದಿಲ್ಲ. ಉರಿಗೆ ತಂಪು ಎಂಬ ಈ ಊಟದ ಅರಿವನ್ನು ಯಾವ ವೈದ್ಯನೂ ಬಂದು ಹೇಳಬೇಕಾಗಿರಲಿಲ್ಲ.

ಮೊಸರನ್ನದ ಗಂಟನ್ನು ಹಿಡಿದು, ಮಲ್ಲಯ್ಯಾ ಎಂದು ಕೂಗುತ್ತ, ಹುಡುಗನು ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲಕ್ಕೆ ನಡೆದನು. ಗುಡಿಯಲ್ಲಿ ತೋರಿಸಿದ ಲಿಂಗ ತಾನು ಕಂಡ ಮಲ್ಲಯ್ಯನಲ್ಲವೆಂದು ಕಾಡುಮೇಡು ಅಲೆದು, ಕೊನೆಗೆ ಕಣಿವೆಗೆ ಹಾರಲು ನಿಂತಾಗ ಮಲ್ಲಯ್ಯನು ಕೈಹಿಡಿದನೆಂದು ಕಾವ್ಯ ಹೇಳುತ್ತದೆ. ನಮಗೆ ಇಲ್ಲಿ ಮುಖ್ಯವಾಗಿ ತೋರುವುದು ಆ ಮುಂದಿನ ಮಾತು. ದೇವರನ್ನು ಕಂಡ ಹುಡುಗ ಬೆಟ್ಟದಲ್ಲಿ ಉಳಿಯಲಿಲ್ಲ. ಸೊನ್ನಲಿಗೆಗೆ ತಿರುಗಿ ಹೋಗಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅವನಿಗೆ ಅಪ್ಪಣೆಯಾಯಿತು. ತಪಸ್ಸಿಗೆ ಬೆಟ್ಟವನ್ನು ಅರಸಿ ಹೋದವರ ಕಥೆಗಳು ಬೇಕಾದಷ್ಟಿವೆ. ಬೆಟ್ಟದಿಂದ ಬಯಲಿಗೆ ಕೆಲಸಕ್ಕೆ ಕಳುಹಿಸಲ್ಪಟ್ಟವರದು ಅಪರೂಪ.

ಆ ಕೆಲಸವೇ ಕೆರೆ. ಊರ ಅರಸಿ ಚಾಮಲದೇವಿ ನೆಲವಿತ್ತಳೆಂದು ಚರಿತೆಯಲ್ಲಿದೆ. ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು, ಊರ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು, ಅನ್ನಸತ್ರವಿಟ್ಟರು, ಬಡವರ ಮಕ್ಕಳಿಗೆ ಸಾಮೂಹಿಕ ವಿವಾಹಗಳನ್ನು ನಡೆಸಿದರು. ಆದರೆ ಅವರ ಹೆಸರನ್ನು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಗುದ್ದಲಿ ಬುಟ್ಟಿಗಳ ಸಾಲು. ಅವರ ಜೊತೆ ನೂರಾರು ಶಿವಯೋಗಿಗಳು, ಒಡ್ಡರು, ಒಕ್ಕಲಿಗರು ಮಣ್ಣು ಹೊತ್ತರು. ಜಪಮಾಲೆಯ ಕೈಗೆ ಗುದ್ದಲಿ ಬಂದದ್ದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಾಗಿರಲಿಲ್ಲ. ಮಣ್ಣಿನ ಕೆಲಸ ಮಾಡುವ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮರನ್ನು ತಮ್ಮ ಕುಲಗುರುವೆಂದು ನಂಬಿರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕೆರೆಯೊಂದು ಊರಿನ ಮೈಗೆ ಏನು ಮಾಡುತ್ತದೆಂಬುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳುವುದು ಒಳ್ಳೆಯದು. ಅಗೆದ ಮಣ್ಣೇ ಏರಿಯಾಗುತ್ತದೆ. ಮಳೆಯ ನೀರು ಹೊಲಗಳ ಗೋಡನ್ನು ಹೊತ್ತು ಬಂದು ಕೆರೆಯಲ್ಲಿ ಇಳಿಸುತ್ತದೆ. ಬೇಸಿಗೆಯಲ್ಲಿ ಆ ಗೋಡನ್ನು ಬಂಡಿಗಳಲ್ಲಿ ಹೇರಿ ಹೊಲಕ್ಕೆ ಹಾಕಿದರೆ ಗೊಬ್ಬರವೂ ಆಯಿತು, ಕೆರೆಯ ಆಳವೂ ಉಳಿಯಿತು. ನಿಂತ ನೀರು ಮೆಲ್ಲಗೆ ಕಲ್ಲಿನ ಬಿರುಕುಗಳಿಗೆ ಇಳಿದು ಸುತ್ತಣ ಬಾವಿಗಳಿಗೆ ಒರತೆ ಕೊಡುತ್ತದೆ. ದನಕರುಗಳಿಗೆ ನೀರು, ಅವುಗಳಿಂದ ಹೈನು, ಹೈನಿನಿಂದ ಮಕ್ಕಳಿಗೆ ಮಜ್ಜಿಗೆ. ಒಂದಕ್ಕೊಂದು ಹೆಣೆದ ಈ ಬಳ್ಳಿಯಲ್ಲಿ ಎಲ್ಲಿಯೂ ವ್ಯರ್ಥವೆಂಬುದಿಲ್ಲ. ಆದರೆ ಗೋಡು ತೆಗೆಯುವುದನ್ನು ನಿಲ್ಲಿಸಿದ ದಿನ ಬಳ್ಳಿ ಕಡಿಯುತ್ತದೆ.

ಕೆರೆಯನ್ನು ಹೊಗಳುವ ಭರದಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಶಿಸ್ತಿಲ್ಲದೆ ಬಳಸಿದ ನೀರು ಔಷಧಿಯಲ್ಲ, ವಿಷ. ಮೆಟ್ಟಿಲುಬಾವಿಗಳಲ್ಲಿಯೂ ಕೆರೆಗಳಲ್ಲಿಯೂ ಕಾಲಿಳಿಸಿ ನೀರು ತುಂಬುತ್ತಿದ್ದುದರಿಂದ ನಾರುಹುಣ್ಣಿನ ರೋಗ ದಖನದ ಹಳ್ಳಿಗಳನ್ನು ತಲೆಮಾರುಗಟ್ಟಲೆ ಕಾಡಿತು. ಹುಣ್ಣುಳ್ಳವನು ನೀರಿಗೆ ಇಳಿದರೆ ಹುಳುವಿನ ಮರಿಗಳು ನೀರಿನಲ್ಲಿ ಬಿದ್ದು, ಕಣ್ಣಿಗೆ ಕಾಣದಷ್ಟು ಸಣ್ಣ ಜಲಕೀಟಗಳ ಹೊಟ್ಟೆ ಸೇರಿ, ಆ ನೀರನ್ನು ಸೋಸದೆ ಕುಡಿದವನ ಮೈಯನ್ನು ಹೊಗುತ್ತಿದ್ದವು. ಬಾವಿಗೆ ಕಟ್ಟೆ ಕಟ್ಟಿ, ನೀರಿಗೆ ಕಾಲಿಡದೆ ಸೇದಿ, ಬಟ್ಟೆಯಲ್ಲಿ ಸೋಸಿ ಕುಡಿದದ್ದರಿಂದಲೇ ಅದು ಅಳಿಯಿತು. ಭಾರತ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ನೀರನ್ನು ಅರಿವೆಯಲ್ಲಿ ಸೋಸುವ ಅಜ್ಜಿಯ ಪದ್ಧತಿಯನ್ನು ನಕ್ಕವರಲ್ಲಿ ನಾವೂ ಒಬ್ಬರಾಗಿದ್ದೆವು, ಈಗ ನಗುವುದಿಲ್ಲ.

ಕೆರೆಯ ಕೆಲಸ ನಡೆಯುತ್ತಿದ್ದಾಗಲೇ ಸಿದ್ಧರಾಮರ ಬಾಳಿನ ದೊಡ್ಡ ತಿರುವು ಬಂದಿತು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಒಡ್ಡರ ರಾಮನೆಲ್ಲಿ ಎಂದು ಹಂಗಿಸಿ ಕೇಳಿದರು. ಗುರುವಿನ ಹೆಸರಿಗೆ ಕುಂದು ತಂದನೆಂದು ಕೆಲಸಗಾರರು ಕಲ್ಲು ತೂರಿದರು. ಕಲ್ಲುಗಳು ಪ್ರಭುಗಳ ಸುತ್ತ ರಾಶಿಯಾದವೇ ಹೊರತು ತಾಗಲಿಲ್ಲವೆಂದು ಕಥೆ. ಸಿದ್ಧರಾಮರು ಸಿಟ್ಟಿನಿಂದಲೇ ಬಂದರು. ಮುಂದೆ ನಡೆದ ವಾದವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಅದರ ತಿರುಳಿಷ್ಟು: ಕೆರೆ ತೋಡಿದ್ದು ತಪ್ಪಲ್ಲ, ತೋಡಿದವನು ನಾನೆಂಬುದು ತೊಡಕು. ಪುಣ್ಯಕ್ಕೆಂದು ಮಾಡಿದ ಕೆಲಸ ವ್ಯಾಪಾರವಾಗುತ್ತದೆ. ಕೀರ್ತಿಗೆಂದು ಮಾಡಿದ್ದು ಕೀರ್ತಿಯೊಡನೆ ಹೋಗುತ್ತದೆ.

ಈ ಪ್ರಸಂಗವನ್ನು ಓದಿ, ಅಲ್ಲಮರು ಲೋಕೋಪಕಾರವನ್ನೇ ಹಳಿದರೆಂದು ತಿಳಿದವರುಂಟು. ನಮಗೆ ಹಾಗೆನಿಸುವುದಿಲ್ಲ. ಸಿದ್ಧರಾಮರು ಪ್ರಭುಗಳ ಜೊತೆ ಕಲ್ಯಾಣಕ್ಕೆ ಹೋದರು. ಅಷ್ಟು ದೊಡ್ಡ ಕೀರ್ತಿಯುಳ್ಳವರು ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಅಲ್ಲಮರ ನಂತರ ಚನ್ನಬಸವಣ್ಣನವರೂ ಅವರ ನಂತರ ಸಿದ್ಧರಾಮರೂ ಶೂನ್ಯಸಿಂಹಾಸನವನ್ನು ಏರಿದರೆಂದು ಶರಣ ಪರಂಪರೆ ನಂಬಿದೆ. ಕಲ್ಯಾಣದ ಶರಣಸಮೂಹ ಚದುರಿದ ಮೇಲೆ ಅವರು ಹಿಂದಿರುಗಿದ್ದು ಎಲ್ಲಿಗೆ? ಅದೇ ಸೊನ್ನಲಿಗೆಗೆ, ಅದೇ ಕೆರೆಗೆ. ಅಲ್ಲಿಯೇ ಸಮಾಧಿಯಾದರು. ಕೆಲಸ ವ್ಯರ್ಥವೆಂದು ತಿಳಿದಿದ್ದವರು ಅದರ ನಡುವೆಯೇ ಐಕ್ಯವಾಗುತ್ತಿರಲಿಲ್ಲ.

ತಾನು ಎಂಬುದು ಹೋದ ಮೇಲೆ ಕೆಲಸ ಯಾರದಾಗುತ್ತದೆ? ಊರದಾಗುತ್ತದೆ. ಇದಕ್ಕೆ ಸಂಕ್ರಾಂತಿಯ ಗಡ್ಡೆಯ ಜಾತ್ರೆಯೇ ಸಾಕ್ಷಿ. ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ ಅವರು ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿದರೆಂಬ ಕಥೆಯನ್ನು ಏಳು ನಂದಿಧ್ವಜಗಳು ವರ್ಷವರ್ಷ ಮರಳಿ ನಡೆಸುತ್ತವೆ. ಭೋಗಿಯ ದಿನ ಧ್ವಜಗಳು ಅರುವತ್ತೆಂಟು ಲಿಂಗಗಳನ್ನು ಸುತ್ತಿ ಎಣ್ಣೆಮಜ್ಜನ ಮಾಡಿಸುತ್ತವೆ. ಸಂಕ್ರಾಂತಿಯ ದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಮರುದಿನ ಹೋಮ. ಎತ್ತರವಾದ ಧ್ವಜಗಳನ್ನು ಸೊಂಟಕ್ಕೆ ಆನಿಸಿ ಹೊರುವ ತರುಣರು ತಿಂಗಳುಗಟ್ಟಲೆ ಮೊದಲೇ ಮೈಯನ್ನು ಹದಗೊಳಿಸಿಕೊಳ್ಳುತ್ತಾರೆ. ಕನ್ನಡ, ಮರಾಠಿ, ತೆಲುಗು ಆಡುವವರೆಲ್ಲ ಬರಿಗಾಲಿನಲ್ಲಿ ಊರನ್ನು ಸುತ್ತುತ್ತಾರೆ.

ಇದರಲ್ಲಿ ಭಕ್ತಿಯ ಜೊತೆಗೆ ಬೇರೊಂದು ಜಾಣ್ಮೆಯೂ ಇದೆಯೆಂದು ನಮ್ಮ ಭಾವನೆ. ವರ್ಷಕ್ಕೊಮ್ಮೆ ಇಡೀ ಊರು ತನ್ನ ಎಲ್ಲೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದರೆ ಎಲ್ಲಿ ಬಾವಿ ಹೂತಿದೆ, ಎಲ್ಲಿ ಮರ ಬಿದ್ದಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ದೇವರಿಗೆ ಎಣ್ಣೆಮಜ್ಜನವಾದ ದಿನವೇ ಮನೆಮನೆಯಲ್ಲಿಯೂ ಎಣ್ಣೆಸ್ನಾನ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅವರೆ ಗಜ್ಜರಿ ಬದನೆಗಳನ್ನು ಕೂಡಿಸಿ ಮಾಡಿದ ಭೋಗಿ ಪಲ್ಲೆ. ಚಳಿಗೆ ಮೈ ಒಡೆಯುವ ಕಾಲದಲ್ಲಿ ಎಣ್ಣೆಕಾಳು, ಆಯಾ ಕಾಲದಲ್ಲಿ ಆಯಾ ಹೊಲ ಕೊಟ್ಟ ಕಾಯಿಪಲ್ಲೆ. ದುಡ್ಡು ಕೊಟ್ಟು ದೂರದಿಂದ ತರಿಸಬೇಕಾದದ್ದು ಆ ಎಡೆಯಲ್ಲಿ ಒಂದೂ ಇಲ್ಲ.

ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಸಿದ್ಧರಾಮರನ್ನು ಮತ್ತೆ ಕನ್ನಡ ಕಾವ್ಯದಲ್ಲಿ ತಂದುಕೊಟ್ಟವರು ಈ ಊರಿನವರೇ ಆದ ಜಯದೇವಿತಾಯಿ ಲಿಗಾಡೆಯವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಪೀಠವನ್ನೇರಿದ ಮೊದಲ ಮಹಿಳೆಯೆಂಬ ಕೀರ್ತಿ ಅವರದು. ಅವರು ಬರೆದ ಸಿದ್ಧರಾಮೇಶ್ವರ ಪುರಾಣ ನಮ್ಮ ವಾಚನಾಲಯಗಳಲ್ಲಿ ಇರಬೇಕಾದ ಗ್ರಂಥ. ಇದ್ದಲ್ಲಿ ಅದರ ಧೂಳನ್ನು ಕೊಡವಬೇಕಾದುದು ನಮ್ಮ ಮನೆಯ ಮಕ್ಕಳು.

ಭೀಮೆಗೆ ಉಜನಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ದೂರದ ನೀರು ಕೊಳವೆಯಲ್ಲಿ ಊರಿಗೆ ಬಂದಿತು. ಅದು ಉಪಕಾರವೇ. ಆದರೆ ನಲ್ಲಿ ಬಂದ ವರ್ಷವೇ ಓಣಿಓಣಿಯ ಬಾವಿಗಳು ಕಸದ ಗುಂಡಿಗಳಾದವು. ನಾವೂ ನಮ್ಮ ಹಿತ್ತಲ ಬಾವಿಗೆ ಚಪ್ಪಡಿ ಎಳೆದು ಅದರ ಮೇಲೆ ಕಟ್ಟಿಗೆ ಒಟ್ಟಿದೆವು. ನಲ್ಲಿಯ ಮುಂದೆ ಕೊಡಗಳನ್ನು ಸಾಲಿಟ್ಟು ದಿನಗಟ್ಟಲೆ ಕಾದ ಒಂದು ಬೇಸಿಗೆಯಲ್ಲಿ ಆ ಚಪ್ಪಡಿಯನ್ನು ನಾಲ್ವರು ಕೂಡಿ ಸರಿಸಿದೆವು. ಒರತೆ ಸತ್ತಿರಲಿಲ್ಲ. ನೀರು ಮೊಳದಷ್ಟಿತ್ತು, ಹೂಳು ಆಳೆತ್ತರವಿತ್ತು. ಈ ವರ್ಷದ ಭೋಗಿಗೆ ಮುನ್ನ ಅರ್ಧ ಹೂಳನ್ನು ಎತ್ತಿ ನಿಂಬೆಯ ಗಿಡಗಳ ಬುಡಕ್ಕೆ ಹಾಕಿದ್ದೇವೆ, ಇನ್ನರ್ಧ ಉಳಿದಿದೆ.