ಸದಲಗಾದ ಡಾ. ಆ. ನೇ. ಉಪಾಧ್ಯೆ: ಅಜ್ಜಿಯರ ಕಥೆಗಳ ಬೇರು ಹುಡುಕಿದ ಪಂಡಿತರು

ಚಿಕ್ಕೋಡಿ ತಾಲ್ಲೂಕಿನ ಸದಲಗಾ ಎಂದ ಕೂಡಲೇ ಜೈನ ಕುಟುಂಬಗಳಿಗೆ ನೆನಪಾಗುವುದು ಆಚಾರ್ಯಶ್ರೀ ವಿದ್ಯಾಸಾಗರ ಮಹಾರಾಜರು. 1946ರಲ್ಲಿ ಅವರು ಅಲ್ಲಿ ಜನಿಸುವುದಕ್ಕೆ ನಲವತ್ತು ವರ್ಷ ಮೊದಲು, 1906ರ ಫೆಬ್ರುವರಿ 6ರಂದು, ಅದೇ ಊರಿನಲ್ಲಿ ಆದಿನಾಥ ನೇಮಿನಾಥ ಉಪಾಧ್ಯೆಯವರು ಹುಟ್ಟಿದರು. ಪ್ರಾಕೃತ ಮತ್ತು ಜೈನಸಾಹಿತ್ಯ ಓದುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಎ. ಎನ್. ಉಪಾಧ್ಯೆ ಎಂಬ ಹೆಸರನ್ನು ದಾಟಿ ಹೋಗಲಾರರು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಈ ಹೆಸರು ಅಷ್ಟು ಬಳಕೆಯಲ್ಲಿಲ್ಲ. ಅವರ ಮುಖ್ಯ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ, ಸಂಪಾದಿಸಿದ ಗ್ರಂಥಗಳು ಪ್ರಾಕೃತ, ಅಪಭ್ರಂಶ, ಸಂಸ್ಕೃತಗಳಲ್ಲಿ ಇರುವುದು ಇದಕ್ಕೆ ಕಾರಣವಿರಬೇಕು. ಆ ಗ್ರಂಥಗಳ ವಿಷಯವಾದರೋ ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿದ್ದ ಕಥೆ, ಮಾತು, ನೆನಪುಗಳಿಗೆ ತೀರ ಹತ್ತಿರದ್ದು.

ಈ ಭಾಗದಲ್ಲಿ ಉಪಾಧ್ಯೆ ಎಂಬುದು ಬಸದಿಯಲ್ಲಿ ಪೂಜೆ ಮಾಡಿಸುವ ಮನೆತನಗಳ ಹೆಸರು. ನೋಂಪಿ ಹಿಡಿದ ಹೆಣ್ಣುಮಕ್ಕಳಿಗೆ ಆ ನೋಂಪಿಯ ಕಥೆ ಹೇಳುವುದೂ ಅವರ ಕೆಲಸ. ಅನಂತ ನೋಂಪಿಗೆ ಒಂದು ಕಥೆ, ರೋಹಿಣಿಗೆ ಒಂದು, ನಂದೀಶ್ವರಕ್ಕೆ ಇನ್ನೊಂದು. ಕೇಳಿದವರು ಮನೆಗೆ ಬಂದು ಮೊಮ್ಮಕ್ಕಳಿಗೆ ತಮ್ಮ ಮಾತಿನಲ್ಲಿ ಮತ್ತೆ ಹೇಳುತ್ತಾರೆ. ಸುಕುಮಾರಸ್ವಾಮಿಯನ್ನು ನರಿ ತಿಂದದ್ದು, ಗಜಕುಮಾರನ ತಲೆಯ ಮೇಲೆ ಕೆಂಡ ಸುರಿದದ್ದು, ಭದ್ರಬಾಹುಗಳು ಹನ್ನೆರಡು ವರ್ಷದ ಬರಗಾಲವನ್ನು ಮುಂಗಂಡದ್ದು ಎಷ್ಟೋ ತಲೆಮಾರುಗಳಿಗೆ ತಲುಪಿದ್ದು ಹೀಗೆ, ಪುಸ್ತಕದ ಹಂಗಿಲ್ಲದೆ.

ಸದಲಗಾದಲ್ಲಿ ಆರಂಭದ ಓದು ಮುಗಿಸಿ, ಬೆಳಗಾವಿಯಲ್ಲಿ ಹೈಸ್ಕೂಲು ಕಲಿತು, ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಪಡೆದ ಉಪಾಧ್ಯೆಯವರು 1930ರಲ್ಲಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಅಲ್ಲಿ 1962ರವರೆಗೆ ಕಲಿಸಿದರು. ಕೊಲ್ಹಾಪುರ ಅವರಿಗೆ ಪರವೂರೇನಲ್ಲ. ಸದಲಗಾದ ಜನ ಪೇಟೆಗೆಂದು, ಲಕ್ಷ್ಮೀಸೇನ ಭಟ್ಟಾರಕರ ಮಠಕ್ಕೆಂದು ಹೋಗಿ ಬರುವ ಊರು. ಆ ಮಠದ ತಾಳೆಗರಿಗಳೇ ಅವರಿಗೆ ಒಂದು ದೊಡ್ಡ ಕೆಲಸವನ್ನು ಕೊಟ್ಟವು. ಜಟಾಸಿಂಹನಂದಿಯ ವರಾಂಗಚರಿತದ ಹೆಸರನ್ನು ಹಳೆಯ ಕವಿಗಳು ಹೊಗಳಿದ್ದರೂ ಗ್ರಂಥ ಮಾತ್ರ ಕಣ್ಮರೆಯಾಗಿತ್ತು. ಅದರ ಪ್ರತಿಯನ್ನು ಗುರುತಿಸಿ, ಪಾಠ ಹೋಲಿಸಿ, 1938ರಲ್ಲಿ ಅಚ್ಚಿಗೆ ತಂದರು. ಅದಕ್ಕೂ ಮೊದಲು 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರ, 1937ರಲ್ಲಿ ಯೋಗೀಂದುದೇವರ ಪರಮಾತ್ಮಪ್ರಕಾಶ ಬಂದಿದ್ದವು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಡಿ.ಲಿಟ್. ನೀಡಿತು. ಹೀರಾಲಾಲ ಜೈನರು ಧವಲಾ ಟೀಕೆಯೊಡನೆ ಷಟ್ಖಂಡಾಗಮವನ್ನು ಪ್ರಕಟಿಸಲು ಆರಂಭಿಸಿದ್ದೂ ಅದೇ ವರ್ಷ. ಅದರಲ್ಲಿಯೂ ಉಪಾಧ್ಯೆಯವರ ಸಹಕಾರವಿತ್ತು. ಇಬ್ಬರೂ ಮುಂದೆ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯನ್ನೂ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಯನ್ನೂ ದಶಕಗಳ ಕಾಲ ಜೊತೆಯಾಗಿ ನಡೆಸಿದರು.

ಪದವಿ ಪ್ರಶಸ್ತಿಗಳ ಪಟ್ಟಿ ಇಲ್ಲಿಗೆ ಸಾಕು. 1931ರ ಒಂದು ಸಣ್ಣ ಲೇಖನದ ಬಗ್ಗೆ ಹೇಳಬೇಕು.

ಆ ವರ್ಷ ಭೀಮಾತೀರದ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರಿಂದ ಬರೆದುಕೊಂಡ ಹಾಡುಗಳನ್ನು ಗರತಿಯ ಹಾಡು ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕನ್ನಡ ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ಅದೇ 1931ರಲ್ಲಿ ಪುಣೆಯ ಭಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ ಉಪಾಧ್ಯೆಯವರು ದೇಶೀ ನಿಘಂಟುಗಳಲ್ಲಿ ಸೇರಿರುವ ಕನ್ನಡ ಶಬ್ದಗಳ ಕುರಿತು ಬರೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಸಂಸ್ಕೃತದಿಂದ ಹುಟ್ಟಿದ್ದೆಂದು ಹೇಳಲಾಗದ, ಜನರ ಬಾಯಿಂದ ಪ್ರಾಕೃತಕ್ಕೆ ಬಂದ ಪದಗಳನ್ನು ಹಿಂದಿನವರು ದೇಶೀ ಎಂದು ಕರೆದರು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ಅಂಥವನ್ನು ಕೂಡಿಸಿ ದೇಶೀನಾಮಮಾಲೆ ಮಾಡಿದರು. ಅದನ್ನು ತೆರೆದರೆ ಅಕ್ಕ ಇದ್ದಾಳೆ, ಅಪ್ಪ ಇದ್ದಾನೆ, ಅವ್ವ ಇದ್ದಾಳೆ, ಊರು ಇದೆ, ಹೊಟ್ಟೆ ಪೊಟ್ಟವಾಗಿ, ಹುಲಿ ಪುಲ್ಲಿಯಾಗಿ ಕುಳಿತಿವೆ. ಸದಲಗಾದ ಅಡುಗೆಮನೆಯಲ್ಲೂ ಹೊಲದ ಬದುವಿನಲ್ಲೂ ದಿನವೂ ಕೇಳುವ ಮಾತುಗಳು ಎಂಟುನೂರು ವರ್ಷದ ಹಿಂದಿನ ಒಬ್ಬ ಜೈನಾಚಾರ್ಯರ ಕೋಶದಲ್ಲಿ! ಇವು ಎಲ್ಲಿಯ ಶಬ್ದಗಳು ಎಂದು ಗುರುತಿಸಲು ಪಾಂಡಿತ್ಯ ಎಷ್ಟು ಬೇಕೋ ಮನೆಮಾತಿನ ಕಿವಿಯೂ ಅಷ್ಟೇ ಬೇಕು.

ಉಪಾಧ್ಯೆಯವರು ಹಾಡು ಬರೆದುಕೊಳ್ಳಲು ಹಳ್ಳಿ ಹಳ್ಳಿ ತಿರುಗಿದ ಜಾನಪದ ಸಂಗ್ರಾಹಕರಲ್ಲ. ಅವರು ಹಿಡಿದದ್ದು ಹಸ್ತಪ್ರತಿಯ ದಾರಿ. ಆದರೆ ಆ ದಾರಿಯಲ್ಲಿ ಪಂಡಿತರು ಕೆಳಗಿನದೆಂದು ಬದಿಗಿಡುತ್ತಿದ್ದ ಜನರ ಮಾತು, ಜನರ ಕಥೆ, ಹಾಸ್ಯ ಇವುಗಳ ಮುಂದೆಯೇ ಮತ್ತೆ ಮತ್ತೆ ನಿಂತರು. ಇದಕ್ಕೆ ಅತ್ಯುತ್ತಮ ಸಾಕ್ಷಿ 1943ರಲ್ಲಿ ಬಂದ ಹರಿಷೇಣನ ಬೃಹತ್ಕಥಾಕೋಶ.

ಹರಿಷೇಣ ಈ ಗ್ರಂಥವನ್ನು ವರ್ಧಮಾನಪುರದಲ್ಲಿ ಮುಗಿಸಿದ್ದು ಶಕ 853, ಎಂದರೆ ಕ್ರಿ.ಶ. 931-32ರಲ್ಲಿ. ಅದರಲ್ಲಿ 157 ಕಥೆಗಳಿವೆ. ಆ ವರ್ಧಮಾನಪುರ ಕಾಠಿಯಾವಾಡದ ವಢವಾಣ ಎಂದು ಉಪಾಧ್ಯೆಯವರು ಗುರುತಿಸಿದರು. ಕವಿ ಸೇರಿದ್ದ ಮುನಿಸಂಘದ ಹೆಸರು ಪುನ್ನಾಟ. ಪುನ್ನಾಟವೆಂದರೆ ಕರ್ನಾಟಕದ ದಕ್ಷಿಣದ ಒಂದು ಹಳೆಯ ನಾಡು. ಅಂದರೆ ಕನ್ನಡ ನೆಲದ ಹೆಸರು ಹೊತ್ತ ಮುನಿಗಳು ಕಾಠಿಯಾವಾಡದವರೆಗೆ ನಡೆದು, ಅಲ್ಲಿ ಕುಳಿತು ಕಥೆ ಬರೆದಿದ್ದಾರೆ. ಅವನ ಸಂಸ್ಕೃತದ ಒಳಗೆ ಪ್ರಾಕೃತ ಮಾತುಗಳು ಇಣುಕುವುದನ್ನು ಸಂಪಾದಕರು ಪಟ್ಟಿ ಮಾಡಿದರು. ಬರೆದವನ ಕಿವಿಯಲ್ಲಿ ಕಥೆ ಬೇರೆ ಮಾತಿನಲ್ಲಿ ಕೇಳುತ್ತಿತ್ತೆಂಬುದಕ್ಕೆ ಅದೇ ಗುರುತು.

ಆ ಗ್ರಂಥಕ್ಕೆ ಉಪಾಧ್ಯೆಯವರು ಬರೆದ ಪ್ರಸ್ತಾವನೆಯೇ ಒಂದು ಸ್ವತಂತ್ರ ಪುಸ್ತಕದಷ್ಟು ದೊಡ್ಡದು. ಜೈನ ಕಥಾಸಾಹಿತ್ಯವನ್ನು ಆಗಮಗಳಿಂದ ಹಿಡಿದು ಕೆಳಗಿನವರೆಗೆ ಅಳೆದು ನೋಡಿದ ಬರಹ ಅದು. ಅದರ ನಡುವೆ ಶಿವಾರ್ಯರ ಭಗವತೀ ಆರಾಧನೆ ಇದೆ. ಈ ಪ್ರಾಕೃತ ಗ್ರಂಥ ಸಮಾಧಿಮರಣದ ವಿಧಿಯನ್ನು ಹೇಳುತ್ತದೆ. ಸಲ್ಲೇಖನ ಹಿಡಿದ ಕ್ಷಪಕನಿಗೆ ಹಸಿವು, ನೀರಡಿಕೆ, ನೋವುಗಳಿಂದ ಮನಸ್ಸು ಅಲುಗುವ ಹೊತ್ತಿನಲ್ಲಿ ಆಚಾರ್ಯರು ಅವನ ಪಕ್ಕದಲ್ಲಿ ಕುಳಿತು, ಹಿಂದೆ ಇದಕ್ಕಿಂತ ಘೋರ ಉಪಸರ್ಗವನ್ನು ತಡೆದವರನ್ನು ನೆನಪಿಸಬೇಕು. ಆ ಭಾಗದ ಹೆಸರು ಕವಚ. ಕಥೆಯೇ ಅಲ್ಲಿ ಮೈಗೆ ತೊಡಿಸುವ ಕವಚ. ಆದರೆ ಗಾಹೆಯಲ್ಲಿ ಇರುವುದು ಬರಿಯ ಸೂಚನೆ: ಒಬ್ಬನ ಹೆಸರು, ಒಂದು ಊರು, ಒಂದು ನೋವು. ಉಳಿದದ್ದನ್ನು ಹೇಳುವವರೂ ಕೇಳುವವರೂ ಮೊದಲೇ ಬಲ್ಲವರಾಗಿರಬೇಕು. ಬಲ್ಲ ಹಿರಿಯರು ಹೋದರೆ ಗಾಹೆ ಮೂಕವಾಗುತ್ತದೆ. ಹಾಗೆ ಆಗಬಾರದೆಂದೇ ಮುಂದಿನವರು ಟೀಕೆಗಳಲ್ಲಿ, ಕಥಾಕೋಶಗಳಲ್ಲಿ ಆ ಕಥೆಗಳನ್ನು ಬಿಡಿಸಿ ಬರೆದಿಟ್ಟರು. ಹರಿಷೇಣನ ಗ್ರಂಥ, ಪ್ರಭಾಚಂದ್ರನ ಗದ್ಯ ಕಥಾಕೋಶ, ಇವೆಲ್ಲ ಆ ಒಂದೇ ಬಳ್ಳಿಯವು ಎಂಬುದು ಉಪಾಧ್ಯೆಯವರು ಬಿಡಿಸಿ ತೋರಿಸಿದ ವಂಶಾವಳಿ.

ಕನ್ನಡದ ಹಳೆಯ ಗದ್ಯಗ್ರಂಥವಾದ ವಡ್ಡಾರಾಧನೆಯೂ ಇದೇ ಬಳ್ಳಿಗೆ ಸೇರುತ್ತದೆ. ಅದರ ಹತ್ತೊಂಬತ್ತು ಕಥೆಗಳ ತಲೆಯಲ್ಲಿ ಒಂದೊಂದು ಪ್ರಾಕೃತ ಗಾಹೆ ಇದೆ. ಆ ಗಾಹೆಗಳು ಭಗವತೀ ಆರಾಧನೆಯ ಕವಚ ಭಾಗದಲ್ಲಿ ಸಾಲಾಗಿ ಸಿಗುತ್ತವೆ. ಡಿ. ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಪುಸ್ತಕರೂಪದಲ್ಲಿ ಹೊರತಂದದ್ದು 1949ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಉಪಾಧ್ಯೆಯವರ ಪ್ರಸ್ತಾವನೆಯಲ್ಲಿ ಈ ಕನ್ನಡ ಕೃತಿಯ ಚರ್ಚೆ ಬಂದಿತ್ತು. ಇಂದು ಕಾಲೇಜಿನಲ್ಲಿ ಸುಕುಮಾರಸ್ವಾಮಿಯ ಕಥೆಯನ್ನು ಪಠ್ಯವಾಗಿ ಓದುವ ನಮ್ಮ ಮಕ್ಕಳಿಗೆ ಅದು ಅಜ್ಜಿ ಹೇಳಿದ ಕಥೆಯೇ ಎಂದು ತಿಳಿಸಿ ಹೇಳುವವರು ಬೇಕಾಗಿದೆ.

ಕಥೆಯೆಂದರೆ ಅವರಿಗೆ ವೈರಾಗ್ಯದ ಕಥೆ ಮಾತ್ರವಲ್ಲ. ಹರಿಭದ್ರಸೂರಿಯ ಧೂರ್ತಾಖ್ಯಾನದ ಮೇಲೆ 1944ರಲ್ಲಿ ಅವರು ಬರೆದ ಅಧ್ಯಯನ ಇಂದಿಗೂ ಮುಖ್ಯವಾದದ್ದು. ಉಜ್ಜಯಿನಿಯ ಹತ್ತಿರ ಮಳೆಗೆ ಸಿಕ್ಕಿಬಿದ್ದ ಐವರು ಠಕ್ಕರು, ತಲಾ ಐನೂರು ಹಿಂಬಾಲಕರೊಡನೆ, ಹಸಿದು ಕುಳಿತಿದ್ದಾರೆ. ಒಬ್ಬೊಬ್ಬರೂ ತನಗಾದ ಅನುಭವ ಹೇಳಬೇಕು. ಅದು ಸುಳ್ಳು ಎಂದವನು ಎಲ್ಲರಿಗೂ ಊಟ ಹಾಕಬೇಕು. ನಾಲ್ವರು ಗಂಡಸರು ಎಂಥೆಂಥ ಬುರುಡೆ ಬಿಟ್ಟರೂ ಯಾರೂ ಸೋಲುವುದಿಲ್ಲ. ಕೊನೆಗೆ ಖಂಡಪಾನೆ ಎಂಬ ಹೆಂಗಸು, ನನ್ನಿಂದ ಓಡಿಹೋದ ಆಳುಗಳು ನೀವೇ, ಉಟ್ಟ ಬಟ್ಟೆಯೂ ನನ್ನದೇ ಎಂದುಬಿಡುತ್ತಾಳೆ. ನಿಜವೆಂದರೆ ಅವಳ ಆಳುಗಳಾಗಬೇಕು, ಸುಳ್ಳೆಂದರೆ ಊಟ ಹಾಕಬೇಕು! ಕಟ್ಟೆಯ ಮೇಲಿನ ಹರಟೆಯನ್ನು ಬಲ್ಲವರಿಗೆ ಇದರ ರುಚಿಯನ್ನು ಬೇರೆ ಹೇಳಬೇಕಿಲ್ಲ. ಇದೇ ಜಾಡಿನ ಧರ್ಮಪರೀಕ್ಷೆಗಳನ್ನೂ ಉಪಾಧ್ಯೆಯವರು ಹೋಲಿಸಿ ನೋಡಿದರು. ಕನ್ನಡದಲ್ಲಿ ವೃತ್ತವಿಲಾಸನ ಧರ್ಮಪರೀಕ್ಷೆ ಆ ಗುಂಪಿನದು. ಮುಂದೆ ಅವರು ಸಂಪಾದಿಸಿದ ಉದ್ಯೋತನಸೂರಿಯ ಕುವಲಯಮಾಲೆಯಲ್ಲಿ (ರಚನೆ ಕ್ರಿ.ಶ. 779, ಮುದ್ರಣ 1959 ಮತ್ತು 1970) ಒಂದು ಸಂತೆಯಿದೆ. ಬೇರೆ ಬೇರೆ ನಾಡಿನ ವ್ಯಾಪಾರಿಗಳು ಅಲ್ಲಿ ತಮ್ಮ ತಮ್ಮ ಮಾತಿನಲ್ಲಿ ಕೂಗುತ್ತಾರೆ, ಕರ್ನಾಟಕದವರೂ ಇದ್ದಾರೆ. ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಮುನಿ ಪೇಟೆಯಲ್ಲಿ ನಿಂತು ಜನರ ಬಾಯಿಮಾತನ್ನು ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಕಥೆ, ಮಾತುಗಳಂತೆಯೇ ಅವರು ಬೆನ್ನು ಹತ್ತಿದ ಇನ್ನೊಂದು ನೆನಪು ಯಾಪನೀಯ ಸಂಘದ್ದು. ಇದು ನೇರವಾಗಿ ನಮ್ಮ ಈ ತಾಲ್ಲೂಕುಗಳದ್ದೇ ವಿಷಯ. ಯಾಪನೀಯ ಮುನಿಗಳು ದಿಗಂಬರರಂತೆ ನಿರ್ವಸ್ತ್ರರಾಗಿರುತ್ತಿದ್ದರು. ಆದರೆ ಸ್ತ್ರೀಗೆ ಅದೇ ಭವದಲ್ಲಿ ಮೋಕ್ಷವುಂಟು, ಕೇವಲಿಗಳು ಆಹಾರ ಸ್ವೀಕರಿಸುತ್ತಾರೆ ಎಂದು ಶ್ವೇತಾಂಬರರಂತೆ ಒಪ್ಪುತ್ತಿದ್ದರು. ಹಲಸಿಯ ಕದಂಬರ ಕಾಲದಿಂದ ಸುಮಾರು ಒಂಬತ್ತು ಶತಮಾನ ಅವರು ಇಲ್ಲಿ ಬಾಳಿದರು. ಬಳಿಕ ಹೇಗೆ ಮರೆಯಾದರೆಂದರೆ, ಅವರ ಬಸದಿಯಲ್ಲೇ ದಿನವೂ ಪೂಜೆ ಮಾಡುವ ಜನರಿಗೂ ಆ ಹೆಸರು ಮರೆತುಹೋಯಿತು.

ಸದಲಗಾದ ನೆರೆಯ ಏಕ್ಸಂಬಾದಲ್ಲಿ ನೇಮಿನಾಥ ಬಸದಿಯಿದೆ. ಅಲ್ಲಿಯ 1165ರ ಶಾಸನದ ಪ್ರಕಾರ ಅದನ್ನು ಕಟ್ಟಿಸಿದವನು ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ. ದಾನ ಪಡೆದವರು ಯಾಪನೀಯ ಸಂಘದ ವಿಜಯಕೀರ್ತಿಗಳು. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ ಶಕ 1316ರ, ಎಂದರೆ 1394ರ ಕನ್ನಡ ಶಾಸನ ಯಾಪನೀಯ ಗುರುಗಳಾದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರರನ್ನು ಹೆಸರಿಸುತ್ತದೆ. ಆ ಸಂಘದ ಬಗ್ಗೆ ತಿಳಿದಿರುವ ತೀರ ಕೊನೆಯ ದಾಖಲೆಗಳಲ್ಲಿ ಅದೊಂದು. ಇಂಥ ಚೂರುಗಳನ್ನು ಒಂದೊಂದಾಗಿ ಕೂಡಿಸಿ ಉಪಾಧ್ಯೆಯವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಮೊದಲು ಬರೆದರು. 1974ರಲ್ಲಿ ಮತ್ತೆ ಹೊಸ ಆಧಾರಗಳೊಡನೆ ಅದೇ ವಿಷಯಕ್ಕೆ ಬಂದರು. ನಡುವೆ ನಲವತ್ತೊಂದು ವರ್ಷ. ಯಾಪನೀಯರು ಪ್ರತಿಷ್ಠಾಪಿಸಿದ ಬಿಂಬಗಳನ್ನು ಇಂದು ದಿಗಂಬರ ಶ್ರಾವಕರು ಭಕ್ತಿಯಿಂದ ಪೂಜಿಸುತ್ತಿದ್ದಾರೆಂಬುದನ್ನು ಅವರು ಗಮನಿಸಿದರು. ಸ್ವತಃ ದಿಗಂಬರ ಮನೆತನದವರಾಗಿದ್ದೂ, ಈ ಸಂಘವನ್ನು ಜೈನಾಭಾಸವೆಂದು ತಳ್ಳಿಹಾಕಿದ ಹಳೆಯ ತೀರ್ಪನ್ನು ಅವರು ಹಾಗೆಯೇ ಒಪ್ಪಿ ಸುಮ್ಮನಾಗಲಿಲ್ಲ. ವಿದ್ವಾಂಸನ ಧೈರ್ಯ ಇಂಥಲ್ಲಿ ಕಾಣುತ್ತದೆ.

ಶ್ರವಣಬೆಳಗೊಳದಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದ 1967ರಲ್ಲೇ ಅಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೂ ನಡೆಯಿತು. ಅದರ ಅಧ್ಯಕ್ಷ ಪೀಠ ಉಪಾಧ್ಯೆಯವರಿಗೆ ಬಂತು. ಮೂರು ದಶಕ ಕೊಲ್ಹಾಪುರದಲ್ಲಿ ನೆಲೆಸಿ, ಇಂಗ್ಲಿಷಿನಲ್ಲಿ ಬರೆದ ಗಡಿಯೂರಿನ ಕನ್ನಡಿಗನನ್ನು ಕನ್ನಡಿಗರು ತಮ್ಮವರೆಂದು ಎದೆಗೊತ್ತಿಕೊಂಡ ಗಳಿಗೆ ಅದು. 1971ರಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಕ್ಯಾನ್‌ಬೆರಾ, ಪ್ಯಾರಿಸ್‌ಗಳ ಪ್ರಾಚ್ಯವಿದ್ವಾಂಸರ ಸಮ್ಮೇಳನಗಳಿಗೆ ಹೋಗಿಬಂದದ್ದೂ ಈ ವರ್ಷಗಳಲ್ಲೇ.

ಇದೇ ಕಾಲದಲ್ಲಿ ಕೃಷ್ಣೆಯ ದಡದ ಶೇಡಬಾಳದಲ್ಲಿ ಮಿರ್ಜಿ ಅಣ್ಣಾರಾಯರಿದ್ದರು. ಶೇಡಬಾಳ ಆಗ ಅಥಣಿ ತಾಲ್ಲೂಕಿಗೆ ಸೇರಿತ್ತು, ಈಗ ಕಾಗವಾಡಕ್ಕೆ. ಜೈನ ಒಕ್ಕಲು ಮನೆಗಳ ನಡೆನುಡಿ, ಹಬ್ಬಹರಿದಿನ, ಜಗಳ, ಕಣ್ಣೀರುಗಳನ್ನು ಅಲ್ಲಿಯ ಮಾತಿನಲ್ಲೇ ಹಿಡಿದ ಅವರ ನಿಸರ್ಗ ಕಾದಂಬರಿ ಬಂದದ್ದು 1945ರಲ್ಲಿ, ಬೃಹತ್ಕಥಾಕೋಶ ಬಂದ ಎರಡು ವರ್ಷಕ್ಕೆ. ಒಬ್ಬರು ಹಿರಿಯರ ಮಾತನ್ನು ಕಾದಂಬರಿಗೆ ತಂದರು, ಇನ್ನೊಬ್ಬರು ಹಿರಿಯರ ಕಥೆಗೆ ಸಾವಿರ ವರ್ಷದ ಬೇರನ್ನು ತೋರಿಸಿದರು. ಇಬ್ಬರೂ ತೀರಿಕೊಂಡದ್ದು 1975ರಲ್ಲಿ.

ಉಪಾಧ್ಯೆಯವರು ಕೊನೆಯ ದಿನಗಳಲ್ಲಿಯೂ ಕಥೆಗಳ ಕೆಲಸವನ್ನು ಬಿಟ್ಟಿರಲಿಲ್ಲ. ಹರಿಷೇಣನ ಪ್ರಸ್ತಾವನೆಯಲ್ಲಿ ಮೂರು ದಶಕದ ಹಿಂದೆ ಚರ್ಚಿಸಿದ್ದ ಪ್ರಭಾಚಂದ್ರನ ಕಥಾಕೋಶವನ್ನು ತಾವೇ ಸಂಪಾದಿಸಿ 1974ರಲ್ಲಿ ಹೊರತಂದರು. ಮರುವರ್ಷ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ಅವರು ನಿಧನರಾದರು.